ಹೊಗೆಗೂ ರುಚಿಯಿದೆ ಅತ್ತಿಗೆ

ಆಸ್ಟಿನ್, ಟೆಕ್ಸಾಸ್
ಮಾರ್ಚ್ ತಿಂಗಳು

ಪ್ರೀತಿಯ ಅತ್ತಿಗೆ,

ಬಾಣಂತಿ, ಮಗು ಇಬ್ಬರೂ ಆರಾಮ. ಮಗುವಿಗೆ ಮೂರು ತಿಂಗಳು ತುಂಬಿತು. ಬಾಣಂತನಕ್ಕೆ ಬಂದವಳು ಸೌದೆ ಸುದ್ದಿ ಬರೆಯುತ್ತಿದ್ದಾಳಲ್ಲ ಅನ್ನಬೇಡಿ. ಆಷಾಢದ ಮಳೆಯಲ್ಲಿ ಹಸಿ ಸೌದೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡವರು ನಾವಿಬ್ಬರು. ಇದನ್ನು ನಿಮಗಲ್ಲದೆ ಇನ್ಯಾರಿಗೆ ಬರೆಯಲಿ?

ಹೋದ ಶನಿವಾರ ಅಳಿಯ ನಮ್ಮನ್ನೆಲ್ಲ ಲಾಕ್‌ಹಾರ್ಟ್‌ಗೆ ಕರೆದುಕೊಂಡು ಹೋದ. ಇಲ್ಲಿಂದ ಸುಮಾರು ಐವತ್ತು ಕಿಲೋಮೀಟರ್, ಸಣ್ಣ ಊರು. 1999ರಲ್ಲಿ ಇಲ್ಲಿನ ಶಾಸನಸಭೆ ಅದನ್ನು ಟೆಕ್ಸಾಸಿನ ಬಾರ್ಬೆಕ್ಯೂ ರಾಜಧಾನಿ ಎಂದು ಕರೆದಿದೆಯಂತೆ. ಬಾರ್ಬೆಕ್ಯೂ ಅಂದರೆ ಕೆಂಡದ ಮೇಲೆ ಸುಡುವುದು ಅಂದುಕೊಂಡಿದ್ದೆ. ಇವರದು ಹಾಗಲ್ಲ. ಇಟ್ಟಿಗೆಯ ಉದ್ದನೆಯ ಗೂಡು, ಒಂದು ತುದಿಗೆ ಬೆಂಕಿ, ಇನ್ನೊಂದು ತುದಿಗೆ ಚಿಮಣಿ. ಮಾಂಸಕ್ಕೆ ಬೆಂಕಿ ತಾಗುವುದೇ ಇಲ್ಲ, ಬಿಸಿಯೂ ಹೊಗೆಯೂ ಅದನ್ನು ಸವರಿಕೊಂಡು ಚಿಮಣಿಗೆ ಹೋಗುತ್ತವೆ. ದನದ ಎದೆಮಾಂಸಕ್ಕೆ ಹನ್ನೆರಡು ಗಂಟೆಗೂ ಹೆಚ್ಚು ಹೊತ್ತು ಹೀಗೆ ಹೊಗೆ ಕೊಡುವವರಿದ್ದಾರೆ. ನಾವು ಅದನ್ನು ತಿನ್ನುವವರಲ್ಲ, ಹಂದಿಯ ಪಕ್ಕೆಲುಬು ತೆಗೆದುಕೊಂಡೆವು. ಹಚ್ಚಿದ್ದು ಉಪ್ಪು, ಕರಿಮೆಣಸು, ಅಷ್ಟೆ. ಉಳಿದ ಮಸಾಲೆಯೆಲ್ಲ ಸೌದೆಯದು.

ಅಲ್ಲಿ 1900ರಲ್ಲಿ ಶುರುವಾದ ಕ್ರೈಟ್ಸ್ ಮಾರ್ಕೆಟ್ ಎಂಬ ಅಂಗಡಿ ಇದೆ. 1999ರಲ್ಲಿ ಹೊಸ ಕಟ್ಟಡಕ್ಕೆ ಹೋಗುವಾಗ ಹಳೇ ಗೂಡಿನ ಕೆಂಡವನ್ನೇ ತೊಟ್ಟಿಯಲ್ಲಿ ತುಂಬಿ ಬೀದಿಯುದ್ದಕ್ಕೂ ಸಾಗಿಸಿದರಂತೆ. ಪಕ್ಕದ ಮನೆಯಿಂದ ತೆಂಗಿನ ಚಿಪ್ಪಿನಲ್ಲಿ ಕೆಂಡ ತರುತ್ತಿದ್ದ ಅಮ್ಮ ನೆನಪಾದಳು.

ಊಟ ಮುಗಿಸಿ ಬರುವಾಗ ಒಂದು ಅಂಗಡಿಯ ಹಿತ್ತಿಲಲ್ಲಿ ಸೌದೆ ಪೇರಿಸಿದ್ದು ಕಂಡಿತು. ಕಾಲು ಮುಂದೆ ಹೋಗಲಿಲ್ಲ. ಗೂಡಿನ ಕೆಲಸದವನೊಬ್ಬ ನಾನು ನಿಂತದ್ದು ನೋಡಿ ಎರಡು ಸೀಳು ತಂದು ಒಂದಕ್ಕೊಂದು ಬಡಿದ. ಟಣ್ ಎಂದಿತು. ಇನ್ನೆರಡು ಬಡಿದ, ದಬ್ ಎಂದಿತು. ಮಾತು ಅರ್ಥವಾಗದಿದ್ದರೂ ಇದು ಅರ್ಥವಾಗದೆ ಇರುತ್ತದೆಯೇ! ಒಣಗಿದ್ದು ಟಣ್, ಹಸಿಯದು ದಬ್. ಟಣ್ ಎಂದದ್ದನ್ನು ಕೈಗೆ ತೆಗೆದುಕೊಂಡೆ. ಗಾತ್ರಕ್ಕೆ ತಕ್ಕ ಭಾರವಿಲ್ಲ, ಕಡಿದ ತುದಿಯಲ್ಲಿ ನಡುವಿನಿಂದ ಅಂಚಿನವರೆಗೆ ಗಾಡಿಚಕ್ರದ ಅರಗಳ ಹಾಗೆ ಬಿರುಕು, ತೊಗಟೆ ಉಗುರಿಗೇ ಏಳುತ್ತದೆ. ಪೋಸ್ಟ್ ಓಕ್ ಅಂತ ಮರದ ಹೆಸರು. ಬೇಲಿಗೂಟಕ್ಕೆ ಬಳಸುತ್ತಿದ್ದರಿಂದ ಆ ಹೆಸರು. ಈ ಭಾಗದಲ್ಲಿ ಧಾರಾಳವಾಗಿ ಬೆಳೆಯುತ್ತದೆ, ಒಂದೇ ಹದದಲ್ಲಿ ಉರಿಯುತ್ತದೆ, ಹೊಗೆ ಮೆತ್ತಗೆ. ದಕ್ಷಿಣಕ್ಕೂ ಪಶ್ಚಿಮಕ್ಕೂ ಹೋದರೆ ಮೆಸ್ಕೀಟ್. ಅದು ನಮ್ಮ ಬಯಲುಸೀಮೆಯ ಬಳ್ಳಾರಿ ಜಾಲಿಯ ಹತ್ತಿರದ ನೆಂಟ, ಮುಳ್ಳೂ ಅದೇ, ಖಾರದ ಉರಿಯೂ ಅದೇ. ಗಂಟೆಗಟ್ಟಲೆ ಅದರ ಹೊಗೆ ಕೊಟ್ಟರೆ ಮಾಂಸ ಕಹಿಯಾಗುತ್ತದೆ. ಅದಕ್ಕೇ ಬಹಳ ಜನ ಅದನ್ನು ಕೆಂಡ ಮಾಡಿಕೊಂಡೇ ಬಳಸುತ್ತಾರೆ. ಪೈನ್‌ನಂಥ ರಾಳದ ಮರವನ್ನು ಯಾರೂ ಮುಟ್ಟುವುದಿಲ್ಲ.

ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಅದು ನೂರಕ್ಕೆ ಇಪ್ಪತ್ತರ ಹತ್ತಿರಕ್ಕೆ ಇಳಿಯಬೇಕು. ಓಕ್‌ಗೆ ಆರು ತಿಂಗಳಿಂದ ವರ್ಷ, ದಪ್ಪಗಿದ್ದರೆ ಇನ್ನೂ ಹೆಚ್ಚು. ಇಡೀ ದಿಮ್ಮಿ ಬಿದ್ದಿದ್ದರೆ ಬೇಗ ಒಣಗುವುದಿಲ್ಲ, ಸೀಳಬೇಕು. ನೆಲಕ್ಕೆ ತಾಗದ ಹಾಗೆ ಅಡ್ಡಮರದ ಮೇಲೆ, ನಡುವೆ ಗಾಳಿಯಾಡುವಂತೆ ಪೇರಿಸಿ, ಮೇಲೆ ಮಾತ್ರ ಹೊದಿಕೆ. ತೀರ ಒಣಗಿ ಗರಿಗರಿಯಾದರೂ ಬೇಡವಂತೆ, ಭಗ್ಗನೆ ಉರಿದು ಹೋಗುತ್ತದೆ, ಹೊಗೆಯ ಪರಿಮಳವೇ ಉಳಿಯುವುದಿಲ್ಲ.

ಇದಕ್ಕೆ ಮೊದಲೊಮ್ಮೆ ಅಳಿಯ ಹಿತ್ತಿಲಲ್ಲಿ ಕೋಳಿಗೆ ಹೊಗೆ ಕೊಟ್ಟಿದ್ದ. ಒಣ ಸೌದೆ ಎಂದು ಬರೆದಿದ್ದ ಕಟ್ಟನ್ನೇ ಅಂಗಡಿಯಿಂದ ತಂದಿದ್ದ. ದಟ್ಟ ಬಿಳಿ ಹೊಗೆ ಎದ್ದಿತು, ಕೊಳ್ಳಿಯ ತುದಿಯಲ್ಲಿ ಸೊಂಯ್ ಎಂದು ನೊರೆ. ನೊರೆ ಕಂಡ ಕೂಡಲೇ ನನಗೆ ಗೊತ್ತಾಯಿತು. ಒಂದು ಸೀಳನ್ನು ಮತ್ತೆ ಒಡೆಸಿ ಒಳಮೈಯನ್ನು ಕೆನ್ನೆಗೆ ಒತ್ತಿ ನೋಡಿದೆ, ತಣ್ಣಗಿತ್ತು. ಒಳಗೆ ನೀರು ಹಾಗೇ ಇದೆ. ಬೆಂಕಿಯ ಕಾವೆಲ್ಲ ಆ ನೀರು ಆರಿಸುವುದಕ್ಕೇ ಹೋಗುತ್ತದೆ, ಮರ ಪೂರ್ತಿ ಉರಿಯದೆ ಹೊಗೆಯಾಡುತ್ತದೆ, ಡಾಂಬರಿನಂಥ ಅಂಟು ಮಾಂಸಕ್ಕೆ ಹತ್ತುತ್ತದೆ. ಕೋಳಿ ಬಾಯಿಗಿಡಲಾಗಲಿಲ್ಲ. ಮಗು ಬಂದ ಮೇಲೆ ಮೊದಲ ಸಲ ನಾಲ್ಕು ಜನರನ್ನು ಕರೆದಿದ್ದ, ಅವನ ಮುಖ ನೋಡಿ ನನಗೆ ಸಂಕಟವಾಯಿತು. ಲಾಕ್‌ಹಾರ್ಟ್‌ನ ಚಿಮಣಿಯ ಹೊಗೆ ಬೇರೆ ಥರ: ತೆಳ್ಳಗೆ, ನೀಲಿಯ ಛಾಯೆ, ಕಣ್ಣಿಟ್ಟು ನೋಡಿದರಷ್ಟೇ ಕಾಣುವುದು.

ಸೌದೆ ಕೊಳ್ಳುವಾಗ ಇನ್ನೊಂದು ಎಚ್ಚರ ಬೇಕು. ಇಲ್ಲಿ ಓಕ್ ಮರಗಳಿಗೆ ಒಂದು ಶಿಲೀಂಧ್ರದ ರೋಗ. ಸೊರಗಿದ ಕೆಂಪು ಓಕಿನ ಸೌದೆಯ ಜೊತೆಗೆ ಅದು ಊರಿಂದೂರಿಗೆ ದಾಟುತ್ತದೆ. ಹಾಗಾಗಿ ಸೌದೆಯನ್ನು ದೂರ ಸಾಗಿಸಬೇಡಿ, ಹತ್ತಿರದ್ದನ್ನೇ ಕೊಳ್ಳಿ ಎಂದು ಹೇಳುತ್ತಾರೆ. ನಮ್ಮ ಅಡಿಕೆ ತೋಟದ ಕೊಳೆರೋಗದ ಸಂಕಟ ಕಂಡವಳಿಗೆ ಆ ಮಾತು ಬೇಗ ನಾಟಿತು.

ಅಂದ ಹಾಗೆ, ಊರಲ್ಲಿ ಗಾಳಿಗೆ ಬಿದ್ದ ಮಾವಿನ ಮರವನ್ನು ಅಣ್ಣ ಸೀಳಿಸಿದನೇ? ದಿಮ್ಮಿಯಾಗಿಯೇ ಬಿದ್ದಿದ್ದರೆ ಯುಗಾದಿಯೊಳಗೆ ಸೀಳಿಸಲು ಹೇಳಿ, ಬಿಸಿಲು ಇನ್ನು ಎರಡೇ ತಿಂಗಳು. ಟಾರ್ಪಾಲನ್ನು ನೆಲದವರೆಗೆ ಎಳೆದು ಕಟ್ಟುವ ಅಭ್ಯಾಸ ಬಿಡಿಸಿ, ಬದಿಗಳು ತೆರೆದಿರಲಿ. ಬಾವಿಕಟ್ಟೆ ಹತ್ತಿರದ ಪೇರಲೆ ಸವರಿದಾಗ ದಪ್ಪ ಕೊಂಬೆಗಳನ್ನು ಬಚ್ಚಲೊಲೆಗೆ ಹಾಕಬೇಡಿ. ತುಂಡು ಮಾಡಿ ಕೊಟ್ಟಿಗೆ ಅಟ್ಟದ ಮೇಲೆ ಎತ್ತಿಡಿ. ಪೇರಲೆಯ ಹೊಗೆ ಕೋಳಿಗೆ ಚೆನ್ನ, ನಾನು ಬಂದ ಮೇಲೆ ಇಬ್ಬರೂ ಸೇರಿ ಮಾಡೋಣ.

ನಿಮ್ಮ ನಾದಿನಿ