ಮಾತ್ರೆ ಇಳಿಸುವಾಗ ಮರಳಿ ಬಂದ ನೋವು

ಕಳೆದ ಕೆಲವು ತಿಂಗಳುಗಳಿಂದ ದೂರವಾಣಿಯಲ್ಲಿ ಮಾತನಾಡುವವರೆಲ್ಲ ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಆ ಮಾತ್ರೆ ನಿಲ್ಲಿಸಿದಿರಾ?" ಹಳೆಯ ವಿದ್ಯಾರ್ಥಿಗಳು ಸಂಕೋಚದಿಂದ ಕೇಳುತ್ತಾರೆ, ಬಂಧುಗಳು ಗದರಿಸುವ ಧಾಟಿಯಲ್ಲಿ ಕೇಳುತ್ತಾರೆ. ಇಲ್ಲವೆಂದರೆ ಯಾರಿಗೂ ಸಮಾಧಾನವಿಲ್ಲ. "ಸ್ಟೀರಾಯ್ಡ್ ಅಂತೆ, ಇನ್ನೂ ಬಿಟ್ಟಿಲ್ಲವಂತೆ" ಎಂಬ ಮಾತು ನಮ್ಮ ಕುಟುಂಬವನ್ನು ಒಂದು ಸುತ್ತು ಹಾಕಿ ನನ್ನ ಕಿವಿಗೇ ಬಂದು ತಲುಪಿದೆ. ನಡುವೆ ನೋವು ಮರುಕಳಿಸಿದ ಸುದ್ದಿ ಬೇರೆ ಹರಡಿತು. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವುದಕ್ಕಿಂತ ಇಲ್ಲಿ ಒಮ್ಮೆ ಬರೆದಿಡುವುದು ಲೇಸೆಂದು ತೋರಿತು. ಮೂವತ್ತಕ್ಕೂ ಹೆಚ್ಚು ವರ್ಷ ವಿಜ್ಞಾನ ಪಾಠ ಮಾಡಿದವಳು ತನ್ನ ಮೈಯ ಪಾಠವನ್ನೂ ಸ್ವಲ್ಪ ದೀರ್ಘವಾಗಿಯೇ ಹೇಳುತ್ತಾಳೆ, ಸಹಿಸಿಕೊಳ್ಳಬೇಕು.

ನನಗಿರುವ ಕಾಯಿಲೆಯ ಹೆಸರು ಪಾಲಿಮಯಾಲ್ಜಿಯಾ ರುಮ್ಯಾಟಿಕಾ. ಹೆಸರು ಕೇಳಿ ಹೆದರಬೇಕಾಗಿಲ್ಲ. ಹಲವು ಸ್ನಾಯುಗಳ ನೋವು ಎಂದಷ್ಟೇ ಅದರ ಅರ್ಥ. ವಿಚಿತ್ರವೆಂದರೆ ಸ್ನಾಯುಗಳಲ್ಲಿ ದೋಷವೇನೂ ಇರುವುದಿಲ್ಲ. ಭುಜ ಮತ್ತು ಸೊಂಟದ ಕೀಲುಗಳ ಒಳಪದರದಲ್ಲಿಯೂ ಅವುಗಳ ಸುತ್ತ ಇರುವ ಸಣ್ಣ ದ್ರವದ ಚೀಲಗಳಲ್ಲಿಯೂ ಉರಿಯೂತ ಉಂಟಾಗುತ್ತದೆ. 50 ದಾಟಿದವರಿಗೆ ಮಾತ್ರ ಬರುವ ಕಾಯಿಲೆ, ಅದರಲ್ಲಿಯೂ 70ರ ಆಸುಪಾಸಿನವರಿಗೆ, ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಏಕೆ ಬರುತ್ತದೆಂಬುದು ವೈದ್ಯಶಾಸ್ತ್ರಕ್ಕೆ ಇನ್ನೂ ಖಚಿತವಾಗಿ ಗೊತ್ತಿಲ್ಲ.

ಒಂದೂಕಾಲು ವರ್ಷದ ಹಿಂದೆ ಅದು ಬಂದ ಬಗೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಎರಡು ವಾರಗಳೊಳಗೆ ಎರಡೂ ತೋಳುಗಳು ಮೇಲೇಳದಂತಾದವು. ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದು ದೊಡ್ಡ ಸಾಹಸ; ತುರುಬು ಕಟ್ಟಿಕೊಳ್ಳಲಾಗದು, ನಾಗಂದಿಗೆಯ ಮೇಲಿನ ಡಬ್ಬಿ ಕೈಗೆಟುಕದು, ಕುರ್ಚಿಯಿಂದ ಏಳಬೇಕಾದರೆ ಸೊಸೆಯನ್ನು ಕೂಗಬೇಕು. ಬೆಳಿಗ್ಗೆ ಮರಗಟ್ಟಿದ ಮೈ ಹತ್ತು ಗಂಟೆಯ ಹೊತ್ತಿಗೆ ಸ್ವಲ್ಪ ಸಡಿಲವಾಗುತ್ತಿತ್ತು. ರಕ್ತದಲ್ಲಿ ಉರಿಯೂತವನ್ನು ತೋರಿಸುವ ಇಎಸ್ಆರ್, ಸಿಆರ್‌ಪಿ ಎರಡೂ ಏರಿದ್ದವು. ವೈದ್ಯರು ದಿನಕ್ಕೆ 15 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಬರೆದುಕೊಟ್ಟರು. ಮೂರನೆಯ ದಿನ ಬೆಳಿಗ್ಗೆ ನಾನೇ ತುರುಬು ಕಟ್ಟಿಕೊಂಡೆ. ಮನೆಯವರು ನೋಡಿ ಬೆರಗಾದರು. ನನಗಂತೂ ಅಳು ಬಂದಿತ್ತು.

ಇಂಥ ಬೆರಗನ್ನು ಮೊದಲು ಕಂಡವರು ಅಮೆರಿಕದ ಮೇಯೊ ಕ್ಲಿನಿಕ್ಕಿನ ವೈದ್ಯ ಫಿಲಿಪ್ ಹೆಂಚ್. 1929ರಲ್ಲಿ ಅವರ ಬಳಿಗೆ ಬಂದ ಸಂಧಿವಾತದ ರೋಗಿಯೊಬ್ಬರು, ತಮಗೆ ಕಾಮಾಲೆ ಬಂದ ಮೇಲೆ ಕೀಲುನೋವು ಮಾಯವಾಯಿತೆಂದು ಹೇಳಿದರು. ಗರ್ಭಿಣಿಯರಲ್ಲಿಯೂ ಸಂಧಿವಾತ ತಾತ್ಕಾಲಿಕವಾಗಿ ತಗ್ಗುವುದನ್ನು ಹೆಂಚ್ ಗಮನಿಸಿದರು. ದೇಹವೇ ತಯಾರಿಸುವ ಯಾವುದೋ ವಸ್ತು ಈ ನೋವನ್ನು ಅಡಗಿಸುತ್ತಿರಬೇಕೆಂಬ ಅವರ ಊಹೆ ಹತ್ತೊಂಬತ್ತು ವರ್ಷಗಳ ನಂತರ ಕೈಗೂಡಿತು. ಅದೇ ಸಂಸ್ಥೆಯ ರಸಾಯನವಿಜ್ಞಾನಿ ಎಡ್ವರ್ಡ್ ಕೆಂಡಲ್ ಅಡ್ರಿನಲ್ ಗ್ರಂಥಿಯಿಂದ ಬೇರ್ಪಡಿಸಿದ್ದ ವಸ್ತುವನ್ನು 1948ರ ಸೆಪ್ಟೆಂಬರ್‌ನಲ್ಲಿ 29 ವರ್ಷದ ಒಬ್ಬ ಮಹಿಳೆಗೆ ಚುಚ್ಚಲಾಯಿತು. ಹಾಸಿಗೆ ಹಿಡಿದಿದ್ದ ಆಕೆ ಕೆಲವೇ ದಿನಗಳಲ್ಲಿ ಎದ್ದು ನಡೆದರು, ಪೇಟೆಗೂ ಹೋಗಿಬಂದರು. ಅದೇ ಕಾರ್ಟಿಸೋನ್. 1950ರಲ್ಲಿ ಹೆಂಚ್, ಕೆಂಡಲ್ ಮತ್ತು ಸ್ವಿಟ್ಜರ್ಲೆಂಡಿನ ರೈಕ್‌ಸ್ಟೈನ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಪಠ್ಯಪುಸ್ತಕಗಳು ಕಥೆಯನ್ನು ಇಲ್ಲಿಗೆ ಮುಗಿಸುತ್ತವೆ. ಆದರೆ ಔಷಧ ನಿಲ್ಲಿಸಿದೊಡನೆ ನೋವು ಹಿಂತಿರುಗುತ್ತಿತ್ತು. ಹೆಚ್ಚು ದಿನ ಕೊಟ್ಟರೆ ಮುಖ ಊದುತ್ತಿತ್ತು, ಮೂಳೆ ಸವೆಯುತ್ತಿತ್ತು. ಇದು ಕಾಯಿಲೆಯನ್ನು ಬುಡಸಹಿತ ಕೀಳುವ ಮದ್ದಲ್ಲವೆಂದು ಹೆಂಚ್ ಮೊದಲಿನಿಂದಲೂ ಎಚ್ಚರಿಸುತ್ತಿದ್ದರು. ಪತ್ರಿಕೆಗಳಿಗೆ ಆ ಎಚ್ಚರಿಕೆ ರುಚಿಸಲಿಲ್ಲ.

ಆದ್ದರಿಂದಲೇ ಮಾತ್ರೆಯನ್ನು ಇಳಿಸುತ್ತ ಬರಬೇಕು. ನನ್ನ ವೈದ್ಯರ ಲೆಕ್ಕ ಹೀಗಿತ್ತು: 15ರಿಂದ ಹನ್ನೆರಡೂವರೆ, ಅಲ್ಲಿಂದ 10, ಆಮೇಲೆ ಒಂದೊಂದು ತಿಂಗಳಿಗೆ ಒಂದೊಂದೇ ಮಿಲಿಗ್ರಾಂ. ಇಷ್ಟು ನಿಧಾನ ಏಕೆಂದು ಕೇಳುವವರಿಗೆ ಉತ್ತರ ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕುಳಿತಿರುವ ಎರಡು ಅಡ್ರಿನಲ್ ಗ್ರಂಥಿಗಳಲ್ಲಿದೆ. ನಮಗೆ ಪ್ರತಿದಿನ ಬೇಕಾದ ಕಾರ್ಟಿಸೋಲನ್ನು ಅವು ಮಿದುಳಿನ ಬುಡದ ಪಿಟ್ಯುಟರಿಯ ಆಜ್ಞೆಯಂತೆ ತಯಾರಿಸುತ್ತವೆ. ಆ ಪ್ರಮಾಣ ಸುಮಾರು 5 ಮಿಲಿಗ್ರಾಂ ಪ್ರೆಡ್ನಿಸೊಲೋನಿಗೆ ಸಮ. ಹೊರಗಿನಿಂದ ಅದಕ್ಕಿಂತ ಹೆಚ್ಚು ಬರುತ್ತಿದ್ದರೆ ಪಿಟ್ಯುಟರಿ ಆಜ್ಞೆ ಕೊಡುವುದನ್ನು ನಿಲ್ಲಿಸುತ್ತದೆ, ಗ್ರಂಥಿಗಳು ಕೆಲಸ ಮರೆತು ಸೊರಗುತ್ತವೆ. ಕೈಹಿಡಿದೇ ತಿದ್ದಿಸಿದ ಮಗುವಿನ ಕೈ ಒಮ್ಮೆಗೇ ಬಿಟ್ಟರೆ ಅಕ್ಷರ ಮೂಡುವುದಿಲ್ಲವಲ್ಲ, ಹಾಗೆ. ವ್ಯತ್ಯಾಸವೇನೆಂದರೆ ಇಲ್ಲಿ ಕೆಡುವುದು ಅಕ್ಷರವಲ್ಲ. ತಿಂಗಳುಗಟ್ಟಲೆ ತೆಗೆದುಕೊಂಡ ಮಾತ್ರೆಯನ್ನು ತಟ್ಟನೆ ಬಿಟ್ಟವರಿಗೆ ವಾಂತಿ, ರಕ್ತದೊತ್ತಡದ ಕುಸಿತ, ಮಂಪರು ಬಂದು ಪ್ರಾಣಕ್ಕೇ ಅಪಾಯವಾಗಬಹುದು. "ನಾಳೆಯಿಂದಲೇ ಬಿಟ್ಟುಬಿಡಿ" ಎಂದು ಪ್ರೀತಿಯಿಂದ ಹೇಳುವವರು ಇದನ್ನೊಮ್ಮೆ ನೆನೆಯಬೇಕು.

ಇನ್ನು ನೋವು ಮರುಕಳಿಸಿದ ವಿಚಾರ. ಅದು ಎರಡು ಬಾರಿ ಬಂತು. ಎರಡು ಬಾರಿಯೂ ಮನೆಯಲ್ಲಿ ಎಲ್ಲರೂ ಆಡಿದ ಮಾತು "ಕಾಯಿಲೆ ತಿರುಗಿ ಬಂತು" ಎಂದೇ. ಮೊದಲ ಸಲ ಅದು ನಿಜವಾಗಿತ್ತು, ಎರಡನೆಯ ಸಲ ಅಲ್ಲ.

ಮೊದಲ ಸಲ, ಐದನೆಯ ತಿಂಗಳಿನಲ್ಲಿ, 8ರಿಂದ 7ಕ್ಕೆ ಇಳಿಸಿ ಹತ್ತು ದಿನಗಳಾಗಿದ್ದವು. ಬೆಳಗಿನ ಬಿಗಿತ ಮೆಲ್ಲನೆ ಕಾಲಿಟ್ಟಿತು. ಮೊದಲ ದಿನ ಕಾಲು ಗಂಟೆ, ವಾರ ಕಳೆಯುವಷ್ಟರಲ್ಲಿ ಒಂದು ಗಂಟೆಗೂ ಮೀರಿ. ಅವೇ ಎರಡು ಭುಜಗಳು, ಅದೇ ಸೊಂಟ. ಸಿಆರ್‌ಪಿ 6 ಇದ್ದದ್ದು 32 ಆಗಿತ್ತು. ವೈದ್ಯರಿಗೆ ಆಶ್ಚರ್ಯವೇನೂ ಆಗಲಿಲ್ಲ. ಈ ಕಾಯಿಲೆಯವರಲ್ಲಿ ಬಹಳ ಮಂದಿಗೆ ಇಳಿಕೆಯ ದಾರಿಯಲ್ಲಿ ಒಮ್ಮೆಯಾದರೂ ಹೀಗಾಗುತ್ತದೆಯಂತೆ. ನೋವು ಬರುವುದಕ್ಕೆ ಮುಂಚೆ ಯಾವ ಪ್ರಮಾಣದಲ್ಲಿ ಸುಖವಾಗಿದ್ದೆನೋ ಅದಕ್ಕೆ, ಅಂದರೆ 8ಕ್ಕೆ, ಮರಳಿಸಿ ಎರಡು ತಿಂಗಳು ಅಲ್ಲಿಯೇ ನಿಲ್ಲಿಸಿದರು. ನಾಲ್ಕೈದು ದಿನಗಳಲ್ಲಿ ಮೈ ಹಗುರವಾಯಿತು. ಅಷ್ಟರಲ್ಲಿ ಅವರು ಪ್ರತಿ ಭೇಟಿಯಲ್ಲಿಯೂ ಕೇಳುವ ಪ್ರಶ್ನೆಗಳನ್ನು ಮತ್ತೆ ಕೇಳಿದರು: ಹೊಸದಾಗಿ ತಲೆನೋವು ಬಂದಿದೆಯೇ, ಅಗಿಯುವಾಗ ದವಡೆ ನೋಯುತ್ತದೆಯೇ, ದೃಷ್ಟಿ ಮಂಜಾಗಿದೆಯೇ? ಈ ಕಾಯಿಲೆಯ ಜೊತೆಗೆ ಕೆಲವರಲ್ಲಿ ಕಣತಲೆಯ ರಕ್ತನಾಳಗಳೂ ಊದಿಕೊಳ್ಳುತ್ತವೆ. ಹಾಗಾದಾಗ ತಡಮಾಡಿದರೆ ಕಣ್ಣೇ ಹೋಗಬಹುದು. ಆ ಮೂರರಲ್ಲಿ ಒಂದು ಕಂಡರೂ ಮರುದಿನದವರೆಗೆ ಕಾಯದೆ ಆಸ್ಪತ್ರೆಗೆ ಬರಬೇಕೆಂದು ತಾಕೀತು ಮಾಡಿದ್ದಾರೆ. ನನ್ನ ಓರಗೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಈ ಒಂದು ವಾಕ್ಯವನ್ನು ಮರೆಯಬೇಡಿ.

ಎರಡನೆಯ ಸಲದ್ದು ಹೆಚ್ಚು ಕಾಡಿತು. 5ಕ್ಕೆ ಬಂದು ಎರಡು ತಿಂಗಳು ನಿರಾತಂಕವಾಗಿ ಕಳೆದಿದ್ದೆ. 4ಕ್ಕೆ ಇಳಿಸಿದ ಒಂದೇ ವಾರದಲ್ಲಿ ಮೈಯೆಲ್ಲ ನೋವು. ಬೆಳಿಗ್ಗೆ ಎದ್ದಾಗಲೇ ಸುಸ್ತು, ಊಟ ಸೇರದು, ಕುಳಿತಲ್ಲಿಂದ ಎದ್ದರೆ ತಲೆ ಸುತ್ತು. ಯಾವುದರಲ್ಲಿಯೂ ಮನಸ್ಸು ನಿಲ್ಲದು. ಇದರ ಜೊತೆಗೆ ಮಂಡಿಗಳು, ಮೆಟ್ಟಿಲು ಇಳಿಯುವಾಗ, ಬೇಡ, ಹೇಳುವುದೇ ಬೇಡ. ಒಂದು ವರ್ಷ ನುಂಗಿದ ಮಾತ್ರೆಗಳು, ಏರಿದ ಸಕ್ಕರೆ, ದುಂಡಗಾದ ಮುಖ ಎಲ್ಲವೂ ವ್ಯರ್ಥವಾದವೆಂಬ ಹತಾಶೆ ಆವರಿಸಿತು. (ದುಂಡು ಮುಖವನ್ನು ಕಂಡು "ಟೀಚರ್, ಈಗ ಚೆನ್ನಾಗಿ ಆಗಿದ್ದೀರಿ" ಎಂದವರನ್ನು ಕ್ಷಮಿಸಿದ್ದೇನೆ.) ಉಳಿದ ಆಯುಷ್ಯವೆಲ್ಲ ಇನ್ನೊಬ್ಬರ ಕೈಹಿಡಿದು ಕುರ್ಚಿಯಿಂದ ಏಳಬೇಕಾದೀತೆ ಎಂಬ ಭಯ ರಾತ್ರಿ ನಿದ್ದೆಗೆಡಿಸುತ್ತಿತ್ತು.

ಆ ದಿನಗಳಲ್ಲಿ ನೆರವಾದದ್ದು ಒಂದು 100 ಪುಟದ ನೋಟ್‌ಪುಸ್ತಕ. ಮೊದಲಿನಿಂದಲೂ ಅದರಲ್ಲಿ ದಿನಕ್ಕೊಂದು ಸಾಲು ಬರೆಯುತ್ತ ಬಂದಿದ್ದೆ: ಮಾತ್ರೆಯ ಪ್ರಮಾಣ, ಬೆಳಗಿನ ಬಿಗಿತ ಎಷ್ಟು ನಿಮಿಷ, ನೋವು ಎಲ್ಲಿ, ಯಾವ ಹೊತ್ತಿನಲ್ಲಿ. ವೈದ್ಯರು ಅದನ್ನು ತಿರುವಿ ಹಾಕಿ, ಎರಡು ನೋವುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಲು ನನಗೇ ಹೇಳಿದರು. ಮೊದಲ ಸಲ ಬಿಗಿತ 70 ನಿಮಿಷ. ಈ ಸಲ ಹತ್ತು. ಮೊದಲ ಸಲ ತೋಳು ಎತ್ತಲಾಗುತ್ತಿರಲಿಲ್ಲ. ಈ ಸಲ ತುರುಬು ನಾನೇ ಕಟ್ಟುತ್ತಿದ್ದೆ. ಮಂಡಿನೋವು ಬೆಳಿಗ್ಗೆ ಕಡಿಮೆ, ಓಡಾಡಿದಷ್ಟೂ ಹೆಚ್ಚು, ಕುಳಿತರೆ ಶಮನ. ಉರಿಯೂತದ ನೋವಿನ ಲಕ್ಷಣ ಇದಕ್ಕೆ ಸರಿಯಾಗಿ ತಿರುಗುಮುರುಗು. ಸಿಆರ್‌ಪಿ 4. ಬೆಳಿಗ್ಗೆ ಎಂಟು ಗಂಟೆಗೆ, ಆ ದಿನದ ಮಾತ್ರೆ ನುಂಗುವ ಮುಂಚೆ, ರಕ್ತದ ಕಾರ್ಟಿಸೋಲ್ ಅಳೆಸಿದರು. ಅದು ಇರಬೇಕಾದುದಕ್ಕಿಂತ ಕಡಿಮೆ ಇತ್ತು.

ಹೀಗೆ ಒಂದೇ ಎಂದುಕೊಂಡಿದ್ದ ನೋವು ಎರಡಾಗಿ ಒಡೆಯಿತು. ಮೈಕೈ ನೋವು ಮತ್ತು ಸುಸ್ತು ಔಷಧದ ಹಿಂತೆಗೆತದ್ದು; ಹೊರಗಿನ ಪೂರೈಕೆ ತಗ್ಗಿದೆ, ಒಳಗಿನ ಗ್ರಂಥಿ ಇನ್ನೂ ಪೂರ್ತಿ ಎಚ್ಚೆತ್ತಿಲ್ಲ. ಮಂಡಿಯದಂತೂ ವಯಸ್ಸಿನ ಸವೆತ. ದಿನವಿಡೀ ನಿಂತು ಪಾಠ ಮಾಡಿದ ಮಂಡಿಗಳು ಸ್ಟೀರಾಯ್ಡಿನ ಮರೆಯಲ್ಲಿ ಒಂದು ವರ್ಷ ಸುಮ್ಮನಿದ್ದು, ಮರೆ ಸರಿದೊಡನೆ ದೂರು ಹೇಳತೊಡಗಿವೆ. ಅದಕ್ಕೆ ಪ್ರೆಡ್ನಿಸೊಲೋನ್ ಏರಿಸುವುದು ಸಲ್ಲದು. ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ, ತೂಕ ಇಳಿಸುವುದು, ತೀರ ನೋವಿದ್ದರೆ ಪ್ಯಾರಸಿಟಮಾಲ್. ಇವೇನೂ ನನಗೆ ಹೊಸ ವಿದ್ಯೆಯಲ್ಲ. ಆದರೆ ನೋಯುವ ಮೈಯೊಳಗೆ ಕುಳಿತವರಿಗೆ ಎಲ್ಲ ನೋವೂ ಒಂದೇ ಬಣ್ಣದ್ದಾಗಿ ಕಾಣುತ್ತದೆ.

ಇದೇ ಸಮಯದಲ್ಲಿ ದಾಯಾದಿ ಸಂಬಂಧಿಕರೊಬ್ಬರು ಒಂದು ಪುಡಿಯ ಪೊಟ್ಟಣ ಕಳುಹಿಸಿದರು. ನಾಲ್ಕೇ ದಿನಗಳಲ್ಲಿ ಅವರ ಪರಿಚಿತರ ಮಂಡಿನೋವು ಮಾಯವಾಯಿತಂತೆ. ಪೊಟ್ಟಣದ ಮೇಲೆ ಹೆಸರಿಲ್ಲ, ತಯಾರಿಸಿದವರ ವಿಳಾಸವಿಲ್ಲ, ಒಳಗೇನಿದೆಯೆಂಬ ವಿವರವಿಲ್ಲ. ಇಂಥ ಹೆಸರಿಲ್ಲದ ನೋವಿನ ಪುಡಿಗಳನ್ನು ಪರೀಕ್ಷಿಸಿದಾಗ ಎಷ್ಟೋ ಬಾರಿ ಅವುಗಳಲ್ಲಿ ಬೆರೆಸಿದ ಸ್ಟೀರಾಯ್ಡೇ ಸಿಕ್ಕಿದೆ. ಈ ಪುಡಿಯಲ್ಲಿ ಇತ್ತೋ ಇಲ್ಲವೋ ನಾನು ಹೇಳಲಾರೆ. ಅರ್ಧರ್ಧ ಮಿಲಿಗ್ರಾಂ ಎಣಿಸಿ ನುಂಗುತ್ತಿರುವವಳಿಗೆ ಎಣಿಕೆಗೆ ಸಿಗದ ಯಾವುದೂ ಬೇಡವೆಂದು ನಯವಾಗಿ ತಿಳಿಸಿ ಹಿಂದಿರುಗಿಸಿದೆ. ಅವರಿಗೆ ಬೇಸರವಾಗಿದೆಯೆಂದು ಕೇಳಿದ್ದೇನೆ. ಸ್ಟೀರಾಯ್ಡ್ ವಿಷವೆಂದು ನನಗೆ ಮೊದಲು ಬುದ್ಧಿ ಹೇಳಿದವರೂ ಅವರೇ.

ವೈದ್ಯರು ನನ್ನನ್ನು ಆರು ವಾರ ಮತ್ತೆ 5ರಲ್ಲಿ ನಿಲ್ಲಿಸಿದರು. 5 ಅಷ್ಟು ಚಿಕ್ಕ ಪ್ರಮಾಣವಾದರೆ ಅಲ್ಲಿಯೇ ಇದ್ದುಬಿಡಬಾರದೇಕೆ ಎಂದು ನಾನು ಕೇಳಿದ್ದುಂಟು. ಆಗ ಅವರು ನನ್ನ ಮೂಳೆಸಾಂದ್ರತೆಯ ವರದಿಯನ್ನು ಮುಂದಿಟ್ಟರು. ಈ ವಯಸ್ಸಿನಲ್ಲಿ ಬೆನ್ನುಮೂಳೆ ಕುಸಿದರೆ ಅದು ಇನ್ನೊಂದೇ ಕಥೆ. ಕ್ಯಾಲ್ಸಿಯಂ, ವಿಟಮಿನ್ ಡಿ ನುಂಗುತ್ತಿದ್ದೇನೆಂದ ಮಾತ್ರಕ್ಕೆ ಭಯವಿಲ್ಲವೆಂದಲ್ಲ. ಕಣ್ಣಿನ ಪೊರೆ, ಸಕ್ಕರೆ, ಸೋಂಕು ಎಲ್ಲವೂ ಸಾಲಿನಲ್ಲಿವೆ. ಇಳಿಯಬೇಕು, ಆದರೆ ಗ್ರಂಥಿಗಳು ಒಪ್ಪುವ ವೇಗದಲ್ಲಿ.

ಈಗ ಒಂದು ದಿನ 5, ಮರುದಿನ 4. ಮೂರನೆಯ ವಾರ ನಡೆಯುತ್ತಿದೆ. ತಲೆಸುತ್ತು ನಿಂತಿದೆ, ಊಟ ಸೇರುತ್ತಿದೆ. ಪರ್ಸಿನಲ್ಲಿ ಒಂದು ಚೀಟಿ ಇಟ್ಟುಕೊಂಡಿದ್ದೇನೆ: ನಾನು ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವಳು, ಜ್ವರ ಅಥವಾ ಶಸ್ತ್ರಚಿಕಿತ್ಸೆಯ ಸಂದರ್ಭದಲ್ಲಿ ಪ್ರಮಾಣ ಹೆಚ್ಚಿಸಬೇಕು, ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಚುಚ್ಚುಮದ್ದು ಕೊಡಿಸಬೇಕು ಎಂದು. ಅದರ ಪ್ರತಿಯೊಂದನ್ನು ಸೊಸೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. ಬೆಳಿಗ್ಗೆ ಕುರ್ಚಿಯಲ್ಲಿ ಕುಳಿತು ಒಂದೊಂದು ಕಾಲನ್ನೂ ನೇರಮಾಡಿ ಹತ್ತು ಎಣಿಸುವ ವ್ಯಾಯಾಮ ಮಾಡುತ್ತೇನೆ. ಮೊಮ್ಮಗ ಎದುರು ನಿಂತು ಗಟ್ಟಿಯಾಗಿ ಎಣಿಸುತ್ತಾನೆ. ಏಳರಿಂದ ನೇರವಾಗಿ ಹತ್ತಕ್ಕೆ ಹಾರುವ ಅವನ ಲೆಕ್ಕವನ್ನು ನಾನು ಸದ್ಯಕ್ಕೆ ತಿದ್ದುತ್ತಿಲ್ಲ. ಮುಂದಿನ ರಕ್ತಪರೀಕ್ಷೆ ಯುಗಾದಿ ಕಳೆದ ಮೇಲೆ. ಅಲ್ಲಿಯವರೆಗೆ "ನಿಲ್ಲಿಸಿದಿರಾ?" ಎಂದು ಕೇಳುವವರು "ಎಷ್ಟಕ್ಕೆ ಇಳಿಯಿತು?" ಎಂದು ಕೇಳಿದರೆ ಉತ್ತರ ಹೇಳುವುದು ನನಗೆ ಸುಲಭ.