ಮೇಷ್ಟ್ರು ಕಲಿತ ಪಾಠ

ಬಬ್ಬೂರಿನ ಹೊಲದಂಚಿನ ಟ್ರಾನ್ಸ್‌ಫಾರ್ಮರ್ 11,000 ವೋಲ್ಟನ್ನು ಪಂಪ್‌ಸೆಟ್ಟಿಗೆಂದು ಇಳಿಸುತ್ತದೆ. ನನ್ನ ರೆಕಾರ್ಡ್ ಪ್ಲೇಯರಿನ ಪಕ್ಕದ ಪುಟ್ಟ ಟ್ರಾನ್ಸ್‌ಫಾರ್ಮರಿನದು ಏರಿಸುವ ಕೆಲಸ. ಮೂವಿಂಗ್ ಕಾಯಿಲ್ ಕಾರ್ಟ್ರಿಜ್‌ನಲ್ಲಿ ಸೂಜಿಯೊಡನೆ ತಂತಿಸುರುಳಿ ಅಯಸ್ಕಾಂತದ ನಡುವೆ ಅಲುಗುತ್ತದೆ. ಹುಟ್ಟುವುದು ಸುಮಾರು 0.3 ಮಿಲಿವೋಲ್ಟ್ ಮಾತ್ರ. ಆಂಪ್ಲಿಫೈಯರಿಗೆ ಅದರ ಹತ್ತು ಪಟ್ಟಾದರೂ ಬೇಕು.

ಹತ್ತು ಪಟ್ಟಿನದು ಸಾಕಾಗಿತ್ತು. ದುರಾಸೆಯಿಂದ ಮೂವತ್ತರದು ತಂದೆ. ನಮ್ಮ ದುರ್ಗದ ಕೋಟೆಯಲ್ಲಿ ಚಿತ್ರಿಸಿದ 'ನಾಗರಹಾವು' (1972) ಹಾಡು ಹಾಕಿದರೆ, ದನಿ ಸೊರಗಿತ್ತು.

ಪಾಠಕ್ಕೆ ಬಂದಿದ್ದ ಹುಡುಗಿ ಕೇಳಿದಳು: "ಸಾರ್, ಟ್ರಾನ್ಸ್‌ಫಾರ್ಮರ್ ಶಕ್ತಿ ಹುಟ್ಟಿಸೋದಿಲ್ಲ ಅಂದಿದ್ರಲ್ಲ? ಅಷ್ಟು ಕರೆಂಟನ್ನು ಆ ಸಣ್ಣ ಸುರುಳಿ ಎಲ್ಲಿಂದ ತರುತ್ತೆ?"

ಲೆಕ್ಕ ಹಾಕಿದೆ. ಆಂಪ್ಲಿಫೈಯರಿನ 47,000 ಓಮ್, ಮೂವತ್ತರ ವರ್ಗ 900ರಿಂದ ಭಾಗಿಸಿದರೆ 52. ಸುರುಳಿಯದೇ 40! ಅರ್ಧದ ಸಮೀಪ ಒಳಗೇ ಕರಗುತ್ತಿತ್ತು.

ಹಳೆಯದನ್ನೇ ಜೋಡಿಸಿದೆ. ಇಪ್ಪತ್ತೈದು ವರ್ಷ ಹೇಳಿಕೊಟ್ಟ ಪಾಠವನ್ನು ಅಂದು ಕಲಿತೆ.