ಯಾರ ಹರಕೆ, ಯಾರ ಬದುಕು

ಡಿಸೆಂಬರಿನ ನಸುಕು. ಸವದತ್ತಿ ದಾಟಿ ಯಲ್ಲಮ್ಮನ ಗುಡ್ಡದ ಕಡೆ ಹೊರಳುತ್ತಲೇ ಬಸ್ಸಿನ ವೇಗ ಎತ್ತಿನ ನಡಿಗೆಗೆ ಇಳಿಯುತ್ತದೆ. ಮುಂದೆ ಕಣ್ಣು ಹಾಯುವಷ್ಟು ದೂರ ಚಕ್ಕಡಿ, ಟ್ರ್ಯಾಕ್ಟರ್, ಟಂಟಂ. ಕಾಳಿನ ಚೀಲ, ಕಟ್ಟಿಗೆ ಹೊರೆ, ರೊಟ್ಟಿ ಗಂಟು, ಎಲ್ಲದರ ಮೇಲೆ ಮುಸುಕೆಳೆದು ಮಲಗಿದ ಮಕ್ಕಳು. ಇಳಿದು ನಡೆಯುವುದೇ ಮೇಲು. ಎಡಬಲಕ್ಕೆ ಬಿಳಿಜೋಳದ ಹೊಲ, ಕಾಲಡಿ ಎರೆಮಣ್ಣಿನ ಧೂಳು, ಕಿವಿ ತುಂಬ ಒಂದೇ ಕೂಗು: ‘ಉಧೋ, ಉಧೋ’. ಪಕ್ಕದ ಟ್ರ್ಯಾಕ್ಟರಿನವರು ಮರಾಠಿಯಲ್ಲಿ ಮಾತಾಡುತ್ತಿದ್ದಾರೆ. ಕೊಲ್ಲಾಪುರ, ಸಾಂಗಲಿ ಕಡೆಯವರಿಗೂ ಯಲ್ಲಮ್ಮ ಮನೆದೇವತೆ.

ಇಂದು ಹೊಸ್ತಿಲ ಹುಣ್ಣಿಮೆ. ಇಲ್ಲಿನ ಜನ ರಂಡೆ ಹುಣ್ಣಿಮೆ ಎನ್ನುತ್ತಾರೆ. ಯಲ್ಲಮ್ಮನ ಗಂಡ ಜಮದಗ್ನಿಯನ್ನು ಕಾರ್ತವೀರ್ಯ ಕೊಂದ ದಿನವಂತೆ. ಸಂಜೆ ದೇವಿಯ ಕಂಕಣ ವಿಸರ್ಜನೆ. ಮಾಘದ ಭರತ ಹುಣ್ಣಿಮೆಗೆ ಆಕೆ ಮತ್ತೆ ಮುತ್ತೈದೆ. ನಡುವಿನ ಎರಡು ತಿಂಗಳು ದೇವಿ ವಿಧವೆ.

ಗುಡ್ಡಕ್ಕೆ ಮೊದಲು ಜೋಗುಳಬಾವಿ. ನೀರಿಗಿಳಿಯಲು ನೂಕುನುಗ್ಗಲು. ಒದ್ದೆ ಸೀರೆಗಳು ಚಳಿಗೆ ನಡುಗುತ್ತಿವೆ. ಬೇವಿನ ಸೊಪ್ಪು ಮಾರುವವಳ ಮುಂದೆ ಹಸಿರು ರಾಶಿ; ಬಾಯಲ್ಲಿ ಬೇವಿನೆಸಳು ಕಚ್ಚಿಕೊಂಡೇ ಜನ ಮೆಟ್ಟಿಲೇರುತ್ತಾರೆ. ಹಿಂದೆ ಮುತ್ತು ಕಟ್ಟಿಸಿಕೊಳ್ಳಬೇಕಾದ ಹುಡುಗಿಯರನ್ನು ಇಲ್ಲೇ ಮೀಯಿಸಿ, ಬೇವಿನುಡಿಗೆ ಉಡಿಸಿ, ದೇವಿಯ ಮುಂದಕ್ಕೆ ನಡೆಸುತ್ತಿದ್ದರು. ಕೆಂಪು ಬಿಳಿ ಮಣಿಗಳ ಒಂದು ಸರ ಕೊರಳಿಗೆ ಬಿದ್ದರೆ ಆಯಿತು, ಆಕೆ ದೇವರ ಸ್ವತ್ತು. ಊರ ಗಂಡಸರು ದೇವರ ಸ್ವತ್ತನ್ನು ತಮ್ಮದೆಂದು ತಿಳಿಯಲು ತಡಮಾಡುತ್ತಿರಲಿಲ್ಲ.

ಈಗ ಹಾಗೆ ಎದುರೆದುರೇ ನಡೆಯುವುದಿಲ್ಲ. ಪೊಲೀಸರಿದ್ದಾರೆ, ಮೈಕಿನಲ್ಲಿ ಎಚ್ಚರಿಕೆಯಿದೆ. 1982ರ ಕರ್ನಾಟಕ ಕಾಯಿದೆ ಹುಡುಗಿಯನ್ನು ದೇವರಿಗೆ ಬಿಟ್ಟವರಿಗೆ 3 ವರ್ಷದವರೆಗೆ ಜೈಲು ವಿಧಿಸಿತ್ತು. ಹೆತ್ತವರೋ ಬಂಧುಗಳೋ ಆಗಿದ್ದರೆ ಕನಿಷ್ಠ 2, ಗರಿಷ್ಠ 5 ವರ್ಷ. ಇದು ಮೊದಲ ಕಾಯಿದೆಯೂ ಅಲ್ಲ. ಮೈಸೂರು ಸಂಸ್ಥಾನ ತನ್ನ ಮುಜರಾಯಿ ದೇವಾಲಯಗಳಲ್ಲಿ 1909ರಲ್ಲೇ ಈ ಸೇವೆಗೆ ತಡೆ ಹಾಕಿತ್ತು. ಬೆಳಗಾವಿ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ 1934ರ ಕಾಯಿದೆ ಬಂತು. ಕಾಯಿದೆಗಳು ಗುಡ್ಡ ಹತ್ತಿದಂತೆಲ್ಲ ಮುತ್ತು ಗುಡ್ಡ ಇಳಿಯಿತು: ಊರಿನ ಗುಡಿಗೆ, ಜೋಗತಿಯ ಮನೆಗೆ, ಬಾಗಿಲು ಹಾಕಿದ ಕೋಣೆಗೆ.

ಗುಡ್ಡದ ಮೇಲೆ, ಹೊಂಡದ ಬದಿಯಲ್ಲಿ ಮೂರು ಕಲ್ಲಿನ ಒಲೆ ಹೂಡಿ ಹೋಳಿಗೆ ಬೇಯಿಸುತ್ತಿದ್ದಾರೆ. ನೈವೇದ್ಯದ ಪಡ್ಡಲಗಿ ತುಂಬಿಸಲು, ಮುತ್ತು ಕಟ್ಟಿಸಿಕೊಂಡ ಜೋಗಮ್ಮಗಳಿಗೆ ಕರೆ ಹೋಗಿದೆ. ಬಿದಿರು ಬುಟ್ಟಿಯಲ್ಲಿ ದೇವಿಯ ಮುಖ, ಅದರ ಸುತ್ತ ಹಸಿರು ಸೀರೆ, ನವಿಲುಗರಿ. ಈ ಜಗ ಹೊತ್ತು ಬಂದವಳಿಗೆ ಅರವತ್ತರ ಮೇಲಿರಬೇಕು. ಜೊತೆಗೆ ಇನ್ನೊಬ್ಬಾಕೆ ಚೌಡಿಕೆ ಮೀಟುತ್ತಾಳೆ. ಸೀರೆಯುಟ್ಟ ಜೋಗಪ್ಪನೊಬ್ಬ ತಾಳ ಹಿಡಿದಿದ್ದಾನೆ. ಹಾಡು ಮುಗಿದ ಮೇಲೆ ಎಲ್ಲರೂ ಜಗ ಹೊತ್ತವಳ ಕಾಲಿಗೆ ಬೀಳುತ್ತಾರೆ, ಭಂಡಾರ ಹಚ್ಚಿಸಿಕೊಳ್ಳುತ್ತಾರೆ. ಜಗ ಇಳಿಸಿ ಆಕೆ ಕಂಬಕ್ಕೊರಗಿದಾಗ ನೀವು ಪಕ್ಕ ಕೂರುತ್ತೀರಿ.

‘ಎಷ್ಟ ವರ್ಷದಾಕಿ ಇದ್ದಾಗ ಮುತ್ತು ಕಟ್ಟಿದ್ರು, ಯವ್ವಾ?’

‘ಹಲ್ಲ ಬಿದ್ದು ಹುಟ್ಟೂ ಹೊತ್ತಿನ್ಯಾಗ್ರಿ. ಹೊಸಾ ಸೀರಿ ಉಡಿಸ್ಯಾರ, ಹೋಳಿಗಿ ಮಾಡ್ಯಾರಂತ ಕುಣದಾಡಿದ್ನಿ. ನನಗೇನ್ ತಿಳೀತಿತ್ರಿ?’

‘ಯಾಕ ಬಿಟ್ರು?’

‘ನಮ್ಮಪ್ಪಗ ಗಂಡಸಮಕ್ಕಳಿದ್ದಿಲ್ರಿ. ತಲಿಯಾಗ ಜಡಿ ಬಿತ್ತು. ಅವ್ವ ಕರದಾಳ ಅಂದ್ರು, ಬಿಟ್ರು.’

ಈ ಉತ್ತರದಲ್ಲಿ ಭಕ್ತಿಗಿಂತ ಲೆಕ್ಕಾಚಾರ ಹೆಚ್ಚು. ಎಣ್ಣೆ ನೀರು ಕಾಣದ ಕೂದಲು ಸಿಕ್ಕುಗಟ್ಟಿದರೆ ದೇವಿಯ ಕರೆ ಎಂದವರು ಸುತ್ತಲಿನ ಜನ. ಆದರೆ ಅದನ್ನು ನಂಬಲು ಮನೆಯಲ್ಲಿ ಕಾರಣ ತಯಾರಿತ್ತು. ಮದುವೆಯಾದ ಮಗಳು ಗಂಡನ ಮನೆಗೆ ಹೋಗುತ್ತಾಳೆ. ದೇವರಿಗೆ ಬಿಟ್ಟ ಮಗಳು ತವರಲ್ಲೇ ಉಳಿದು, ದುಡಿದು ಹಾಕಿ, ಮುಪ್ಪಿನಲ್ಲಿ ನೋಡಿಕೊಂಡು, ಮಗನ ಜಾಗದಲ್ಲಿ ನಿಲ್ಲುತ್ತಾಳೆ; ಅಪ್ಪನ ತುಂಡು ಹೊಲ ಇದ್ದರೆ ಅದೂ ಅವಳಿಗೇ. ಮಗಳನ್ನು ಮಗನಂತೆ ಇಟ್ಟುಕೊಳ್ಳಲು ಬಡವರಿಗೆ ಸಮಾಜ ತೆರೆದಿಟ್ಟ ಬಾಗಿಲು ಇದು, ಅದರ ಬೆಲೆ ಅವಳ ಮೈ. ಆ ಬಾಗಿಲಲ್ಲಿ ಹಾಯ್ದುಹೋದವರು ಹೆಚ್ಚಿನಂಶ ದಲಿತ ಕೇರಿಯ ಹುಡುಗಿಯರು. ಹಬ್ಬದ ದಿನ ಕಾಲಿಗೆ ಬೀಳುವ ಊರು ಉಳಿದ ದಿನ ಅವರನ್ನು ಕಟ್ಟೆ ಹತ್ತಗೊಡುತ್ತಿರಲಿಲ್ಲ.

ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮನಾದ ಹಕ್ಕು ಬಂದದ್ದು 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ. ಯಲ್ಲಮ್ಮನ ಹೆಸರನ್ನೂ ಎತ್ತದ ಆ ಕಾಯಿದೆ ತಿದ್ದುಪಡಿ ದೇವದಾಸಿ ಪದ್ಧತಿಯ ಬೇರಿಗೆ ಕೈಹಾಕಿತು. ಮಗಳಿಗೆ ಮಗಳಾಗಿಯೇ ಪಾಲು ಸಿಗುವುದಾದರೆ ಅವಳನ್ನು ದೇವರಿಗೆ ಬಿಟ್ಟು ಮಗನಾಗಿಸುವ ಗರಜೇನು?

ಹೊತ್ತು ಇಳಿಯುತ್ತಿದ್ದಂತೆ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ. ಒಳಗೆ ದೇವಿಯ ಕಂಕಣ ಇಳಿಸುತ್ತಾರೆ. ಹೊರಗೆ ಜೋಗಮ್ಮಗಳು ಗುಂಪುಗೂಡಿ ಕೈಯನ್ನು ಕಲ್ಲಿಗೆ ತಾಗಿಸುತ್ತಾರೆ. ಹಸಿರು ಗಾಜಿನ ಚೂರು ನೆಲದ ತುಂಬ ಚೆಲ್ಲುತ್ತದೆ. ಒಬ್ಬಿಬ್ಬರು ನಿಜವಾಗಿಯೇ ಅಳುತ್ತಿದ್ದಾರೆ. ದೇವರನ್ನು ಮದುವೆಯಾದವಳಿಗೆ ವೈಧವ್ಯವಿಲ್ಲ, ಆಕೆ ನಿತ್ಯ ಮುತ್ತೈದೆ ಎಂಬುದು ಶಾಸ್ತ್ರ. ದೇವಿಯ ಗಂಡ ಸತ್ತನೆಂದು ಆ ಮುತ್ತೈದೆಯೇ ಬಳೆ ಒಡೆಯಬೇಕು. ಅವಳನ್ನು ಇಟ್ಟುಕೊಂಡಿದ್ದ ಗಂಡಸು ಸತ್ತಾಗ ಮಾತ್ರ ಅವಳಿಗೆ ಅಳುವ ಹಕ್ಕಿರಲಿಲ್ಲ, ಅವಳ ಮಕ್ಕಳಿಗೆ ಅವನ ಆಸ್ತಿಯಲ್ಲಿ ಕಡ್ಡಿಯಷ್ಟು ಪಾಲಿರಲಿಲ್ಲ. ಜಮದಗ್ನಿ ಮಾಘಕ್ಕೆ ಎದ್ದು ಬರುತ್ತಾನೆ. ಈಕೆಯ ಮಕ್ಕಳ ಅಪ್ಪ ಬದುಕಿದ್ದಾಗಲೂ ಬರಲಿಲ್ಲ.

ನೀವು ದೇವರನ್ನು ನಂಬದವರಾಗಿದ್ದರೆ ಈ ಹೊತ್ತಿಗೆ ಮೈ ಉರಿಯುತ್ತದೆ. ಯಾರಾದರೂ ಬಂದು ಇದನ್ನೆಲ್ಲ ಇವತ್ತೇ ನಿಲ್ಲಿಸಬಾರದೇ ಅನ್ನಿಸುತ್ತದೆ. ಹಾಗೆ ನಿಲ್ಲಿಸಲು ಹೋದ ಒಂದು ದಿನ ನಮ್ಮ ನೆನಪಿನಲ್ಲಿದೆ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲೂ ಇದೇ ದೇವಿ, ಹೆಸರು ರೇಣುಕಾಂಬೆ. ಅಲ್ಲಿ ಹರಕೆ ಹೊತ್ತವರು ಹೊಳೆಯಲ್ಲಿ ಮಿಂದು ಬೆತ್ತಲೆಯಾಗಿ ಬೆಟ್ಟ ಹತ್ತುತ್ತಿದ್ದರು. 1986ರ ಮಾರ್ಚಿನಲ್ಲಿ ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯವರ ಮೇಲೂ ಪೊಲೀಸರ ಮೇಲೂ ಜನ ಮುಗಿಬಿದ್ದರು. ಮಹಿಳಾ ಪೊಲೀಸರನ್ನೂ ಬಿಡದೆ ಬಟ್ಟೆ ಕಿತ್ತು ಮೆರವಣಿಗೆ ಮಾಡಿದರು. ಆಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ನಿಷೇಧ ಸರಿಯೇ. ಆದರೆ ವರ್ಷವಿಡೀ ಆ ಕೇರಿಗಳ ಕಡೆ ತಲೆಹಾಕದ ಸರ್ಕಾರ ಜಾತ್ರೆಯ ಒಂದು ದಿನ ಲಾಠಿ ಹಿಡಿದು ಬಂದರೆ ಹೆದರಿದವರಿಗೆ ಅದು ಸುಧಾರಣೆಯಾಗಿ ಕಾಣುವುದಿಲ್ಲ, ದಾಳಿಯಾಗಿ ಕಾಣುತ್ತದೆ.

ಹಾಗೆಂದು ‘ಅವರವರ ನಂಬಿಕೆ ಅವರವರಿಗೆ’ ಎಂದು ಕೈತೊಳೆದುಕೊಳ್ಳುವುದೂ ಆಗದು. ನಮ್ಮ ಸಂವಿಧಾನದ 25ನೇ ವಿಧಿ ಧರ್ಮದ ಸ್ವಾತಂತ್ರ್ಯವನ್ನು ಕೊಡುವಾಗಲೇ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಮತ್ತು ಉಳಿದ ಮೂಲಭೂತ ಹಕ್ಕುಗಳಿಗೆ ಅದನ್ನು ಒಳಪಡಿಸಿದೆ. ಆ ಸ್ವಾತಂತ್ರ್ಯ ಪ್ರತಿಯೊಬ್ಬ ವ್ಯಕ್ತಿಯದು. ಅಪ್ಪನ ಹರಕೆ ಅಪ್ಪನದು. ತೀರಿಸಬೇಕಾದರೆ ತನ್ನ ಮೈಯಿಂದ, ತನ್ನ ಗಂಟಿನಿಂದ ತೀರಿಸಲಿ. ಹಾಲುಹಲ್ಲು ಬಿದ್ದ ಹುಡುಗಿಗೆ ಯಾವ ದೇವರಲ್ಲೂ ಸಾಲವಿಲ್ಲ. ಧರ್ಮನಿರಪೇಕ್ಷತೆ ಅಂದರೆ ಈ ಗುಡ್ಡದ ಮೇಲೆ ಇಷ್ಟೇ. ಅದಕ್ಕೆ ಯಲ್ಲಮ್ಮನ ಮೇಲೆ ಜಗಳವಿಲ್ಲ.

ಮರುದಿನ ಬೆಳಿಗ್ಗೆ ಗೋಕಾಕದ ದಾರಿ ಹಿಡಿದು ಘಟಪ್ರಭೆಗೆ ಬನ್ನಿ. ಇಲ್ಲಿರುವ ‘ಮಾಸ್’, ಅಂದರೆ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಮಾಜಿ ದೇವದಾಸಿಯರೇ ನಡೆಸುವ ಸಂಘಟನೆ. ಇದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಏಳನೇ ವಯಸ್ಸಿಗೆ ಅವರ ಕೊರಳಿಗೂ ಮುತ್ತು ಬಿದ್ದಿತ್ತು. ಯಾವ ಮನೆಯಲ್ಲಿ ಮಗುವಿನ ತಲೆಗೆ ಜಡೆ ಬಂದಿದೆ, ಯಾವ ಮನೆಯಲ್ಲಿ ಹೊಸ ಸೀರೆ ಬಂದಿದೆ ಎಂಬ ಸುಳಿವು ಪೊಲೀಸರಿಗಿಂತ ಮೊದಲು ಸಿಗುವುದು ಇಂಥ ಹೆಂಗಸರಿಗೆ. ಜಡೆಗೆ ಕತ್ತರಿ, ತಲೆಗೆ ಸೋಪು, ಹುಡುಗಿಗೆ ಶಾಲೆ. ‘ನಮ್ಮ ಬಾಳೇ ನೋಡ್ರಿ’ ಎಂದು ಅವರು ಹೇಳಿದರೆ ಹೆತ್ತವರು ಕೇಳುತ್ತಾರೆ. ದೇವಿ ಮುನಿದಾಳು ಎಂಬ ಭಯಕ್ಕೆ, ದೇವಿಗೆ ಬಿಟ್ಟವರೇ ಕೊಡುವ ಉತ್ತರಕ್ಕಿಂತ ದೊಡ್ಡ ಉತ್ತರವಿಲ್ಲ. ಇವರಲ್ಲಿ ಎಷ್ಟೋ ಮಂದಿ ಈಗಲೂ ಯಲ್ಲಮ್ಮನಿಗೆ ಕೈಮುಗಿಯುತ್ತಾರೆ. ಅದಕ್ಕೂ ಮಗಳ ಕೊರಳಿಗೂ ಸಂಬಂಧವಿಲ್ಲ ಎಂದು ಕಡಿದು ಹಾಕಿದ್ದಾರೆ.

ಆದರೆ ಇದೇ ಹೆಂಗಸರು ಸರ್ಕಾರಿ ಕಚೇರಿಯ ಕಿಟಕಿಯ ಮುಂದೆ ನಿಂತಾಗ ಮಾತು ಬೇರೆ. 1993–94 ಮತ್ತು 2007–08ರ ಎರಡು ಸಮೀಕ್ಷೆಗಳಲ್ಲಿ 14 ಜಿಲ್ಲೆಗಳಿಂದ ದೇವದಾಸಿಯರೆಂದು ಗುರುತಿಸಿದವರು 46,660 ಮಂದಿ. ಪಿಂಚಣಿ, ಮನೆ, ಸಾಲ ಎಲ್ಲಕ್ಕೂ ಆ ಪಟ್ಟಿಯೇ ಆಧಾರವಾಯಿತು. ದುಡಿಯಲು ಪುಣೆಗೋ ಮುಂಬಯಿಗೋ ಹೋಗಿದ್ದವಳ, ನಾಚಿಕೆಗೆ ಹೇಳದೆ ಉಳಿದವಳ, ಅಪ್ಪ ಅಮ್ಮ ಜೈಲಿಗೆ ಹೋದಾರೆಂದು ಬಾಯಿ ಕಟ್ಟಿಕೊಂಡವಳ ಹೆಸರು ಅದರಲ್ಲಿಲ್ಲ. ಇನ್ನು ಮಕ್ಕಳ ಅರ್ಜಿ. ಶಾಲೆಗೆ, ಜಾತಿ ಪ್ರಮಾಣಪತ್ರಕ್ಕೆ, ಎಲ್ಲ ಕಡೆ ಅದೇ ಗೆರೆ: ತಂದೆಯ ಹೆಸರು. ಪೆನ್ನು ಅಲ್ಲಿಗೆ ನಿಲ್ಲುತ್ತದೆ. ಗುಮಾಸ್ತ ತಲೆಯೆತ್ತುತ್ತಾನೆ. ಹಿಂದಿನ ಸಾಲಿನವರು ಕಿವಿ ನೆಟ್ಟಗೆ ಮಾಡುತ್ತಾರೆ. ಊರಿಗೆಲ್ಲ ಗೊತ್ತಿರುವ ಹೆಸರನ್ನು ಬರೆಯುವ ಹಾಗಿಲ್ಲ. ಬರೆದರೆ ಆ ಮನೆಯವರು ಕೊಡಲಿ ಹಿಡಿದು ಬರುತ್ತಾರೆ. ಬಿಟ್ಟರೆ ಮಗನಿಗೆ ಬೈಗುಳವೇ ಅಡ್ಡಹೆಸರು.

1982ರ ಕಾಯಿದೆ ಹೆತ್ತವರನ್ನು ಹಿಡಿಯಿತು, ಶಾಸ್ತ್ರ ಮಾಡಿದವರನ್ನು ಹಿಡಿಯಿತು. ಮುತ್ತು ಬಿದ್ದ ಮೇಲೆ ಹುಡುಗಿಯನ್ನು ಇಟ್ಟುಕೊಂಡವನ ಸುದ್ದಿಗೆ ಹೋಗಲಿಲ್ಲ. 2025ರ ಆಗಸ್ಟ್‌ನಲ್ಲಿ ವಿಧಾನಮಂಡಲ ಒಪ್ಪಿದ ಹೊಸ ಶಾಸನ ಕೊನೆಗೂ ಆ ಕಡೆ ತಿರುಗಿದೆ. ದೇವದಾಸಿಯ ಮಕ್ಕಳಿಗೆ ಅರ್ಜಿಯಲ್ಲಿ ತಂದೆಯ ಹೆಸರು ಕಡ್ಡಾಯವಲ್ಲ. ಬೇಕೆಂದರೆ ತಂದೆ ಯಾರೆಂದು ಸಾಬೀತು ಮಾಡಿಸಿಕೊಂಡು ಆಸ್ತಿಯಲ್ಲಿ ಪಾಲು ಕೇಳುವ ಹಕ್ಕೂ ಇದೆ. ಹೆಸರು ಹೇಳುವುದೋ ಬಿಡುವುದೋ ತಾಯಿ ಮಕ್ಕಳ ಆಯ್ಕೆ. ಮುಚ್ಚಿಡುವ ಸೌಕರ್ಯ ಮಾತ್ರ ಗಂಡಸಿನ ಕೈ ತಪ್ಪಿದೆ. ಒಬ್ಬ ಗೌಡನೋ ಸಾಹುಕಾರನೋ ತನ್ನ ಹೊಲದ ಉತಾರದಲ್ಲಿ ಜೋಗತಿಯ ಮಗಳ ಹೆಸರು ಏರುವುದನ್ನು ನೋಡುವ ದಿನ ಮುತ್ತಿನ ವ್ಯವಹಾರ ಎಷ್ಟು ದುಬಾರಿ ಎಂದು ಊರಿಗೇ ಗೊತ್ತಾಗುತ್ತದೆ.

ಆ ದಿನ ತಾನಾಗಿ ಬರುವುದಿಲ್ಲ. ಕಾಯಿದೆ ಪುಸ್ತಕದಲ್ಲಿದೆ, ಹೆಂಗಸರು ಸಾಲಿನಲ್ಲಿದ್ದಾರೆ, ನಡುವೆ ಇರುವುದು ಗುಮಾಸ್ತನ ಕಿಟಕಿ. ಭರತ ಹುಣ್ಣಿಮೆಗೆ ಗುಡ್ಡ ಮತ್ತೆ ತುಂಬುತ್ತದೆ. ಅಂದು ಸರ್ಕಾರ ಪೊಲೀಸ್ ವ್ಯಾನಿನ ಜೊತೆಗೆ ಒಂದು ಮೇಜು, ಒಂದು ರಿಜಿಸ್ಟರು, ತಾಳ್ಮೆಯಿರುವ ಒಬ್ಬ ಹೆಣ್ಣುಮಗಳನ್ನು ಅಲ್ಲಿ ಕೂರಿಸಲಿ. ಪಟ್ಟಿಯಲ್ಲಿಲ್ಲದವರು ಬಂದು ಹೆಸರು ಬರೆಸಲಿ. ಕೈಮುಗಿಯಲು ಬಂದವರು ಕೈಮುಗಿದು ಹೋಗಲಿ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಮಕ್ಕಳ ಕೊರಳು ಮಾತ್ರ ಯಾರ ಹರಕೆಗೂ ಅಡವಲ್ಲ.